ಎಸ್‌ಪಿ ರೋಡಲ್ಲಿ ಸಿಕ್ಕ ಎರಡು ತಲೆಯ ಬೋರ್ಡು

ನನ್ನ ತಂಗಿಗೆ ಬೇಕಾಗಿದ್ದದ್ದು ಬರೀ 600 ನ್ಯಾನೋಸೆಕೆಂಡ್. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು ಚೂರು ಒಂದು ನ್ಯಾನೋಸೆಕೆಂಡ್. ಅಂಥ 600 ಚೂರು ಕೊಡಿಸೋಕೆ ನಾನು ಎಸ್‌ಪಿ ರೋಡಿಗೆ ಮೂರು ಶನಿವಾರ ಅಲೆಯಬೇಕಾಯ್ತು.

ಅವಳು ಮೈಸೂರಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ, ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್ ಏನಪ್ಪಾ ಅಂದ್ರೆ, ಒಂದು ಪ್ರೋಟೀನು, ಅದರ ಸಂದಿಯಲ್ಲಿ ಕೂತ ಔಷಧಿಯ ಒಂದು ಅಣು, ಸುತ್ತ ನೀರು, ಎಲ್ಲ ಸೇರಿ ಸುಮಾರು 80,000 ಪರಮಾಣು. ಇವು ಹೇಗೆ ಅಲುಗಾಡುತ್ತವೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕಿ ನೋಡೋದು. ಗ್ರೋಮ್ಯಾಕ್ಸ್ ಅನ್ನೋ ಸಾಫ್ಟ್‌ವೇರ್ ಇದೆ, ಪೂರ್ತಿ ಉಚಿತ. ಅದು ಒಂದೊಂದು ಹೆಜ್ಜೆಗೆ 2 ಫೆಮ್ಟೋಸೆಕೆಂಡ್ ಮುಂದೆ ಹೋಗುತ್ತೆ. ಅಂದ್ರೆ ಒಂದು ನ್ಯಾನೋಸೆಕೆಂಡ್ ದಾಟೋಕೆ 5 ಲಕ್ಷ ಹೆಜ್ಜೆ, ಪ್ರತಿ ಹೆಜ್ಜೆಗೂ 80,000 ಪರಮಾಣುಗಳ ಮೇಲಿನ ಬಲದ ಲೆಕ್ಕ. ಅವಳ ಲ್ಯಾಪ್‌ಟಾಪಲ್ಲಿ ದಿನಕ್ಕೆ 7 ನ್ಯಾನೋಸೆಕೆಂಡ್ ಆಗ್ತಿತ್ತು. ತಲಾ 200ರಂತೆ ಮೂರು ರನ್ ಮುಗಿಯೋಕೆ 86 ದಿನ. ಸಬ್‌ಮಿಷನ್‌ಗೆ ಉಳಿದಿದ್ದದ್ದು 9 ವಾರ. ಡಿಪಾರ್ಟ್‌ಮೆಂಟಿನ ಸರ್ವರ್ ಕೆಟ್ಟು ಮೂಲೆ ಸೇರಿ ತಿಂಗಳಾಗಿತ್ತು.

"ಅಣ್ಣ, ತಲಾ ಐವತ್ತಕ್ಕೇ ನಿಲ್ಲಿಸಿಬಿಡು ಅಂತಿದಾರೆ ಗೈಡು. ಎಲ್ಲರೂ ಹಾಗೇ ಮಾಡ್ತಾರಂತೆ," ಅಂದಳು ಫೋನಲ್ಲಿ. ಐವತ್ತರಲ್ಲಿ ಆ ಅಣು ಸಂದಿಯಲ್ಲಿ ಕೂತೇ ಇರುತ್ತೆ, ಚೆನ್ನಾಗಿ ಅಂಟಿಕೊಂಡಿದೆ ಅಂತ ಬರೆದು ಮುಗಿಸಬಹುದು. ಆದರೆ ಅದು ನಿಜವಾಗಿ ಅಂಟಿದೆಯೋ, ಸುಮ್ನೆ ಇನ್ನೂ ಎದ್ದು ಹೋಗಿಲ್ವೋ ಅಂತ ಅವಳಿಗೇ ನಂಬಿಕೆ ಇರಲಿಲ್ಲ. ಇದೇ ಕೆಲಸ ತೋರಿಸಿ ಪಿಎಚ್.ಡಿ.ಗೆ ಅರ್ಜಿ ಹಾಕೋಳಿದ್ದಳು, ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಅದಾಗ್ತಿತ್ತು.

ಕ್ಲೌಡಲ್ಲಿ ಬಾಡಿಗೆಗೆ ತಗೋಬಹುದಲ್ಲಾ ಅಂತ ನಿಮ್ಮಲ್ಲಿ ಅರ್ಧ ಜನ ಅಂದುಕೊಂಡಿರ್ತೀರ. ಆಫೀಸಲ್ಲಿ ದಿನವಿಡೀ ಮಾಡೋದು ಅದೇ ಕೆಲಸ, ಹಾಗಾಗಿ ಮೊದಲು ನೋಡಿದ್ದೂ ಅದನ್ನೇ. ಬೇಕಾದಷ್ಟು ಕೋರ್ ಇರೋ ಮೆಷಿನ್‌ಗೆ ತಿಂಗಳಿಗೆ 50,000 ದಾಟುತ್ತಿತ್ತು. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಪಿಸಿ ಆಗಿದ್ರೆ ಈ ಲೆಕ್ಕಕ್ಕೆ ಎಲ್ಲಕ್ಕಿಂತ ಬೆಸ್ಟ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೂ 60-70 ಸಾವಿರ ಬೇಕು. ನಮ್ಮಿಬ್ಬರ ಹತ್ತಿರ ಸೇರಿ ಇದ್ದದ್ದು 25,000.

ಆಗ ನೆನಪಾಗಿದ್ದು ಹಳೇ ಸರ್ವರ್ ಬೋರ್ಡ್. ಎರಡು ಪ್ರೊಸೆಸರ್ ಕೂರಿಸೋ ಮದರ್‌ಬೋರ್ಡ್ ಅಂದ್ರೆ ನನಗೆ ಇಂಜಿನಿಯರಿಂಗ್ ದಿನಗಳಿಂದಲೂ ಒಂಥರಾ ಮೋಹ. ಹಾಸ್ಟೆಲಲ್ಲಿ ಒಬ್ಬ ಸೀನಿಯರ್ ಅಬಿಟ್ ಬಿಪಿ6 ಅನ್ನೋ ಬೋರ್ಡಿನ ಕಥೆ ಹೇಳ್ತಿದ್ದರು. 1999ರದ್ದು. ಎರಡು ಪ್ರೊಸೆಸರ್ ಅನ್ನೋದು ದುಬಾರಿ ವರ್ಕ್‌ಸ್ಟೇಷನ್‌ಗಳ ಸೊತ್ತಾಗಿದ್ದ ಕಾಲದಲ್ಲಿ, ಇಂಟೆಲ್‌ನ ಅಗ್ಗದ ಸೆಲೆರಾನ್ ಚಿಪ್ಪನ್ನೇ ಎರಡೆರಡು ಹಾಕಿ ಓಡಿಸಬಹುದು ಅಂತ ತೋರಿಸಿದ ಬೋರ್ಡ್ ಅದು. ವಿಂಡೋಸ್ 98ಗೆ ಎರಡನೇ ಪ್ರೊಸೆಸರ್ ಇದೆ ಅಂತಲೇ ಗೊತ್ತಾಗ್ತಿರಲಿಲ್ಲ. ಲಿನಕ್ಸೋ, ಎನ್‌ಟಿಯೋ ಬೇಕಿತ್ತು. 2005ರಲ್ಲಿ ಒಂದೇ ಚಿಪ್ಪಲ್ಲಿ ಎರಡು ಕೋರ್ ಬಂದ ಮೇಲೆ ಮನೆಗಳಲ್ಲಿ ಈ ಹುಚ್ಚು ಇಳಿಯಿತು. ಸರ್ವರ್‌ಗಳಲ್ಲಿ ಮಾತ್ರ ಇವತ್ತಿಗೂ ಎರಡು ಸಾಕೆಟ್ ಮಾಮೂಲು.

ಆ ಸರ್ವರ್‌ಗಳನ್ನ ಕಂಪನಿಗಳು ಕೆಲವು ವರ್ಷ ಓಡಿಸಿ ಸಾರಾಸಗಟಾಗಿ ಹೊರಗೆ ಹಾಕ್ತವೆ. ಚಿಪ್ಪುಗಳು ರಾಶಿ ರಾಶಿ ಮಾರುಕಟ್ಟೆಗೆ ಬರುತ್ತವೆ. ನಾನು ಆರಿಸಿಕೊಂಡಿದ್ದು ಜಿಯಾನ್ ಇ5-2680 ವಿ2. 2013ರಲ್ಲಿ ಬಂದಾಗ ಒಂದಕ್ಕೆ 1,700 ಡಾಲರ್‌ಗೂ ಮೇಲೆ. 10 ಕೋರ್, 2.8 ಗಿಗಾಹರ್ಟ್ಸ್. ಈಗ ಎಸ್‌ಪಿ ರೋಡಲ್ಲಿ ನನಗೆ ಸಿಕ್ಕಿದ್ದು ಒಂದಕ್ಕೆ 1,400 ರೂಪಾಯಿಗೆ. ಡಾಲರ್ ಅಲ್ಲ, ರೂಪಾಯಿ. (2680ರಲ್ಲಿ ಮೊದಲನೇ 2 ಅಂದ್ರೆ ಎರಡು ಸಾಕೆಟ್‌ಗೆ ಆಗುತ್ತೆ ಅಂತ. 1650 ಥರ ಒಂದರಿಂದ ಶುರುವಾಗೋದನ್ನ ಜೋಡಿ ಹಾಕೋಕಾಗಲ್ಲ. ಅಂಗಡಿಯವರು ಎಲ್ಲಾ ಒಂದೇ ಸಾರ್ ಅಂತಾರೆ, ಒಂದೇ ಅಲ್ಲ.)

ತೊಂದರೆ ಇರೋದು ಬೋರ್ಡಲ್ಲಿ. ಚಿಪ್ಪು ಸಾಯಲ್ಲ, ಬೋರ್ಡ್ ಸಾಯುತ್ತೆ. ದೊಡ್ಡ ಕಂಪನಿಗಳ ಸರ್ವರ್ ಬೋರ್ಡಿನ ಆಕಾರವೇ ವಿಚಿತ್ರ, ಪವರ್ ಕನೆಕ್ಟರ್ ಕೂಡ ಅವರದ್ದೇ. ಬಿಚ್ಚಿ ತಂದ್ರೆ ಬೇರೆಲ್ಲೂ ಕೂರಲ್ಲ. ಮಾಮೂಲಿ ಪವರ್ ಸಪ್ಲೈ ಹಾಕಬಹುದಾದ ಬೋರ್ಡ್ ಕಡಿಮೆ, ಇರೋದಕ್ಕೆ ಬೆಲೆ ಜಾಸ್ತಿ. ಮೊದಲ ಶನಿವಾರ 18,000 ಕೇಳಿದರು. ಎರಡನೇ ಶನಿವಾರ ಇನ್ನೊಬ್ಬರು 14,000 ಅಂದರು, ಆನ್ ಮಾಡಿ ತೋರಿಸಿ ಅಂದ್ರೆ "ಗ್ಯಾರಂಟಿ ಸಾರ್, ಒಯ್ದುಬಿಡಿ" ಅಂದರು. ಒಯ್ಯಲಿಲ್ಲ.

ಮೂರನೇ ಶನಿವಾರ ವಿಜಯನಗರದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಮಾರ್ಕೆಟ್ ಸ್ಟೇಷನ್ನಲ್ಲಿ ಇಳಿದು ನಡೆದೆ. ಎಸ್‌ಪಿ ರೋಡಿನ ನಿಜವಾದ ಅಂಗಡಿಗಳಿರೋದು ಮುಖ್ಯರಸ್ತೆಯಲ್ಲಲ್ಲ, ಒಳಗಿನ ಓಣಿಗಳ ಮೆಟ್ಟಿಲು ಹತ್ತಿದ ಮೇಲೆ. ಅಂಥದ್ದೊಂದರಲ್ಲಿ ಗೋಡೆಗೆ ಒರಗಿಸಿದ ಬೋರ್ಡ್‌ಗಳ ಸಾಲಲ್ಲಿ ಸೂಪರ್‌ಮೈಕ್ರೋದ ಎಕ್ಸ್9 ಸರಣಿಯದ್ದು ಒಂದು ಕಂಡಿತು. ಎರಡು ಸಾಕೆಟ್, 16 ರ‍್ಯಾಮ್ ಸ್ಲಾಟ್, ಮಾಮೂಲಿ ಪವರ್ ಕನೆಕ್ಟರ್. ಎದೆ ಡವಡವ ಅಂದ್ರೂ ಮುಖದಲ್ಲಿ ತೋರಿಸಬಾರದು. ಪಕ್ಕದ ಹಳೇ ಕೀಬೋರ್ಡಿನ ರೇಟ್ ಕೇಳಿ, ಆಮೇಲೆ ಇದನ್ನ ಕೇಳಿದೆ.

"ಅದು 5,500 ಸಾರ್. ಒಂದೇ ಪ್ರೊಸೆಸರಲ್ಲಿ ಓಡುತ್ತೆ. ಎರಡನೇದು ಹಾಕಿದ್ರೆ ಆನೇ ಆಗಲ್ಲ. ಅದಕ್ಕೇ ಈ ರೇಟು," ಅಂದರು ಅಂಗಡಿಯವರು. ಮುಚ್ಚುಮರೆ ಇಲ್ಲ. ಆ ಒಂದು ಮಾತಿಗೇ ಅವರ ಮೇಲೆ ನಂಬಿಕೆ ಬಂತು.

ಮೊಬೈಲ್ ಟಾರ್ಚ್ ಹಾಕಿ ಎರಡನೇ ಸಾಕೆಟ್ ನೋಡಿದೆ. ಈ ಚಿಪ್ಪುಗಳ ಪಿನ್ ಇರೋದು ಚಿಪ್ಪಲ್ಲಲ್ಲ, ಬೋರ್ಡಿನ ಸಾಕೆಟ್ಟಲ್ಲಿ. 2011 ಪಿನ್ನು, ಕೂದಲಷ್ಟು ಸಣ್ಣ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ಕಳೆದುಹೋದ್ರೆ ಬೆರಳು ತಗುಲಿದರೂ ಬಗ್ಗುತ್ತೆ. ಬೆಳಕನ್ನ ಓರೆಯಾಗಿ ಹಿಡಿದ್ರೆ ಪಿನ್ನುಗಳೆಲ್ಲ ಭತ್ತದ ಪೈರಿನ ಹಾಗೆ ಒಂದೇ ದಿಕ್ಕಿಗೆ ಹೊಳೀಬೇಕು. ಮೂಲೆ ಹತ್ತಿರ ಎರಡು ಪಿನ್ ಹೊಳೀಲಿಲ್ಲ. ಒಂದಕ್ಕೊಂದು ತಾಗಿಕೊಂಡು ಮಲಗಿದ್ದವು.

ಹೇಳದೆ ಒಯ್ದು ಮನೇಲಿ ಸರಿಮಾಡ್ಕೋಬಹುದಿತ್ತು. ಆದ್ರೆ ಸೂಜಿ ಹಿಡಿದು ಪಿನ್ ಮುರಿದುಬಿಟ್ರೆ 5,500 ರೂಪಾಯಿ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ಜೊತೆಗೆ ಅಷ್ಟು ನೇರವಾಗಿ ದೋಷ ಹೇಳಿದ ಮನುಷ್ಯನ ಎದುರು ನಾನು ಮುಚ್ಚಿಡೋದು ಸರಿ ಕಾಣಲಿಲ್ಲ. ಯಾವುದರ ಪಾಲು ಎಷ್ಟು ಅಂತ ಕೇಳಬೇಡಿ. ಟಾರ್ಚ್ ಅವರ ಕೈಗೆ ಕೊಟ್ಟು ತೋರಿಸಿದೆ.

ಅವರು ಕನ್ನಡಕ ಹಣೆಗೇರಿಸಿ ತುಂಬಾ ಹೊತ್ತು ನೋಡಿದರು. "ಹೌದಲ್ಲ ಸಾರ್," ಅಂದರು. ಆಮೇಲೆ ಶುರುವಾಯ್ತು ವ್ಯಾಪಾರ. ಸರಿಯಿದ್ರೆ ಇದು 11,000ದ ಮಾಲು ಅಂತ ಅವರು. ಸರಿಯಿದೆ ಅಂತ ಯಾರು ಹೇಳಿದ್ದು ಅಂತ ನಾನು. ಕೊನೆಗೆ ಆದ ಒಪ್ಪಂದ ಇದು: ಕೆಳಗಿನ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಮೈಕ್ರೋಸ್ಕೋಪ್ ಇದೆ, ಅವನ 300 ರೂಪಾಯಿ ನಾನು ಕೊಡೋದು. ಪಿನ್ ಮುರಿದರೆ ನಷ್ಟ ಅಂಗಡಿಯವರದ್ದು. ಎರಡೂ ಪ್ರೊಸೆಸರ್ ಹಾಕಿ ಆನ್ ಆದರೆ 7,500.

ಆ ಹುಡುಗನಿಗೆ ಇಪ್ಪತ್ತೂ ಆಗಿರಲಿಕ್ಕಿಲ್ಲ. ಬೋರ್ಡನ್ನ ಮೈಕ್ರೋಸ್ಕೋಪ್ ಕೆಳಗೆ ಹಿಡಿಸೋಕೆ ಟೇಬಲ್ ಮೇಲಿದ್ದ ಎಲ್ಲಾ ಮೊಬೈಲ್ ಪಕ್ಕಕ್ಕೆ ಸರಿಸಬೇಕಾಯ್ತು, 12 ಇಂಚಿಗೆ 13 ಇಂಚಿನ ಹಲಗೆ ಅದು. "ಅಣ್ಣ, ಉಸಿರು ಆ ಕಡೆ ಬಿಡಿ," ಅಂದ ನನಗೆ. ಹತ್ತು ನಿಮಿಷದಲ್ಲಿ ಒಂದು ಪಿನ್ ಎದ್ದಿತು, ಎರಡನೆಯದಕ್ಕೆ ಇನ್ನೂ ಹತ್ತು. ಬಗ್ಗಿದ ಪಿನ್ನನ್ನ ಒಂದೇ ಸಲಕ್ಕೆ ಎತ್ತಬಾರದಂತೆ, ಸ್ವಲ್ಪ ಸ್ವಲ್ಪ ತಳ್ಳಿ ಬಿಡಬೇಕಂತೆ. ಇಂಜಿನಿಯರಿಂಗ್ ನಾಲ್ಕು ವರ್ಷದಲ್ಲಿ ನನಗೆ ಯಾರೂ ಇದನ್ನ ಹೇಳಿಕೊಟ್ಟಿರಲಿಲ್ಲ.

ಮೇಲೆ ತಂದು ಎರಡೂ ಚಿಪ್ ಕೂರಿಸಿ ಸ್ವಿಚ್ ಹಾಕಿದರು. ಸರ್ವರ್ ಬೋರ್ಡುಗಳು ಎಚ್ಚರಾಗೋಕೆ ಎರಡು ನಿಮಿಷದ ಹತ್ತಿರ ತಗೋತವೆ ಅಂತ ಗೊತ್ತಿದ್ದೂ ಆ ಕಪ್ಪು ಪರದೆ ನೋಡ್ತಾ ನಿಲ್ಲೋದು ಕಷ್ಟ. ಅಂಗಡಿಯವರು ಟೀ ಹೇಳಿದರು. ಟೀ ಬರೋ ಮೊದಲೇ ಪರದೆ ಮೇಲೆ ಅಕ್ಷರ ಮೂಡಿತು, ಎರಡು ಪ್ರೊಸೆಸರ್, 20 ಕೋರ್. ಅವರಿಗೆ ನನಗಿಂತ ಜಾಸ್ತಿ ಖುಷಿಯಾಯ್ತು ಅಂತ ಕಾಣುತ್ತೆ, ಪಕ್ಕದ ಅಂಗಡಿಯವರನ್ನೂ ಕರೆದು ತೋರಿಸಿದರು.

ಉಳಿದದ್ದು ಬೇಗ ಆಯ್ತು. 8 ಜಿಬಿಯ ಸರ್ವರ್ ರ‍್ಯಾಮ್ ಎಂಟು, ತಲಾ 450. ಎಂಟೇ ಯಾಕೆ ಅಂದ್ರೆ ಒಂದೊಂದು ಪ್ರೊಸೆಸರಿಗೂ ನಾಲ್ಕು ದಾರಿ ಇವೆ, ದಾರಿಗೊಂದು ಹಾಕಿದ್ರೇನೇ ಪೂರ್ತಿ ವೇಗ. ಕೂಲರ್ ಎರಡಕ್ಕೆ 1,800. ಪವರ್ ಸಪ್ಲೈ ಮಾತ್ರ ಹೊಸದು, 5,200 ಕೊಟ್ಟೆ. ಪ್ರೊಸೆಸರ್‌ಗೆ ಹೋಗೋ 8 ಪಿನ್ನಿನ ವೈರ್ ಎರಡಿರೋದು ಬೇಕಿತ್ತು. ಹಳೇ ಮಾಲಿನ ವ್ಯಾಪಾರದಲ್ಲಿ ಏನು ಬೇಕಾದ್ರೂ ಹಳೇದು ತಗೊಳ್ಳಿ, ಪವರ್ ಸಪ್ಲೈ ತಗೋಬೇಡಿ. ಇಷ್ಟು ದೊಡ್ಡ ಬೋರ್ಡ್ ಹಿಡಿಸೋ ಕ್ಯಾಬಿನೆಟ್ಟಿನ ಬೆಲೆ ಕೇಳಿ, ಬಡಗಿ ಹತ್ತಿರ ಪ್ಲೈವುಡ್ ತುಂಡು ಕೊಯ್ಯಿಸಿ ಅದರ ಮೇಲೇ ಹಿತ್ತಾಳೆ ಸ್ಟ್ಯಾಂಡ್ ಹಾಕಿ ಕೂರಿಸಿದೆ. ಹಳೇ ಎಸ್‌ಎಸ್‌ಡಿ ಮನೇಲಿತ್ತು. ಚಿಪ್ಪು, ರಿಪೇರಿ ಎಲ್ಲ ಸೇರಿ ಒಟ್ಟು 21,700.

"ಇದು ಕಂಪ್ಯೂಟರಾ ಹೇರ್ ಡ್ರೈಯರಾ?" ಅಂತ ಕೇಳಿದಳು ನನ್ನ ಹೆಂಡತಿ. ತಪ್ಪೇನಿಲ್ಲ. ಒಂದೊಂದು ಚಿಪ್ಪೇ 115 ವ್ಯಾಟ್. ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದ್ರೆ ಪೂರ್ತಿ ಓಡುವಾಗ 330 ವ್ಯಾಟ್ ಎಳೀತಿತ್ತು. ದಿನಕ್ಕೆ 8 ಯೂನಿಟ್ ಹತ್ತಿರ. ನಮ್ಮನೆ ಬಳಕೆ ತಿಂಗಳಿಗೆ 110 ಯೂನಿಟ್, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು. 200 ದಾಟಿದ್ರೆ ಆ ತಿಂಗಳಿನ ಬಿಲ್ ಪೂರ್ತಿ ನಾವೇ ಕಟ್ಟಬೇಕು. ಎರಡು ತಿಂಗಳಿಗೆ ಹಂಚಿಹೋದ್ರೆ ಎರಡು ಬಿಲ್ಲೂ ಹೊರೆಯಾಗೋ ಸಾಧ್ಯತೆ. "ಹೆಂಗೂ ಕಟ್ಟೋದು ಕಟ್ತೀರ, ಒಂದೇ ತಿಂಗಳಲ್ಲಿ ಮುಗಿಸಿ," ಅಂತ ಲೆಕ್ಕ ಹೇಳಿದ್ದು ಅವಳೇ. ಮೀಟರ್ ರೀಡರ್ ಬಂದು ಬಿಲ್ ಹರಿದುಕೊಟ್ಟು ಹೋದ ಸಂಜೆ ಮೊದಲ ರನ್ ಶುರು ಮಾಡಿದ್ವಿ.

ತಂಗಿ ಮೈಸೂರಿಂದಲೇ ಲಾಗಿನ್ ಆಗ್ತಿದ್ದಳು. ಮೊದಲ ದಿನ ದಿನಕ್ಕೆ 19 ಬಂತು, ನಾನು ಅಂದಾಜು ಹಾಕಿದ್ದು 25. ವಿಷಯ ಏನಂದ್ರೆ, ಅರ್ಧ ರ‍್ಯಾಮ್ ಒಂದು ಪ್ರೊಸೆಸರಿಗೆ, ಇನ್ನರ್ಧ ಇನ್ನೊಂದಕ್ಕೆ ಅಂಟಿಕೊಂಡಿರುತ್ತೆ. ವಠಾರದಲ್ಲಿ ಎರಡು ಮನೆ, ಎರಡು ಅಡುಗೆಮನೆ ಇದ್ದ ಹಾಗೆ. ತಮ್ಮ ಡಬ್ಬಿಯಿಂದ ಸಕ್ಕರೆ ತಗೊಂಡ್ರೆ ಬೇಗ, ಪ್ರತಿ ಸಲ ಪಕ್ಕದ ಮನೆ ಬಾಗಿಲು ತಟ್ಟಿದ್ರೆ ತಡ. ಕೆಲಸಗಳನ್ನ ಅವವೇ ಕೋರ್‌ಗಳಿಗೆ ಕಟ್ಟಿಹಾಕೋ ಆಯ್ಕೆ ಗ್ರೋಮ್ಯಾಕ್ಸಲ್ಲೇ ಇದೆ. ಅದನ್ನ ಹಾಕಿದ ಮೇಲೆ 25ರ ಆಸುಪಾಸಿಗೆ ಬಂತು. ಮಧ್ಯೆ ಎರಡು ಸಲ ಕರೆಂಟ್ ಹೋಯ್ತು. ಯುಪಿಎಸ್ ಇರಲಿಲ್ಲ, ಆದರೆ ಗ್ರೋಮ್ಯಾಕ್ಸ್ 15 ನಿಮಿಷಕ್ಕೊಮ್ಮೆ ಎಲ್ಲಿವರೆಗೆ ಬಂದಿದ್ದೇನೆ ಅಂತ ಬರೆದಿಟ್ಟುಕೊಳ್ಳುತ್ತೆ, ಅಲ್ಲಿಂದಲೇ ಮುಂದುವರಿಸಿದ್ವಿ. ಮಳೆಗಾಲ ಬೇರೆ, ಆ ರೂಮಲ್ಲಿ ಹಗ್ಗ ಕಟ್ಟಿದ್ರೆ ಬಟ್ಟೆ ಮೂರೇ ಗಂಟೆಗೆ ಒಣಗ್ತಿದ್ದವು. ಅದನ್ನ ಖರ್ಚಿನ ಲೆಕ್ಕದಲ್ಲಿ ಕಳೀಬೇಕು ಅನ್ನೋದು ನನ್ನ ವಾದ.

ಮೊದಲ ರನ್ನಲ್ಲಿ ಅಣು 200ರ ತನಕ ಅಲ್ಲಾಡಲಿಲ್ಲ. ಎರಡನೆಯದರಲ್ಲಿ ಸುಮಾರು 130 ದಾಟಿದ ಮೇಲೆ ಮೆಲ್ಲಗೆ ಓರೆಯಾಗಿ, ಸಂದಿ ಬಿಟ್ಟು ನೀರಿಗೆ ಹೋಯಿತು. ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದಳು. "ಅಣ್ಣ, ಹೊರಟುಹೋಯ್ತು!" ದನಿಯಲ್ಲಿ ಬೇಜಾರಿತ್ತೋ ಸಂತೋಷವಿತ್ತೋ ಗೊತ್ತಾಗಲಿಲ್ಲ. ಔಷಧಿ ಅಂಟಲ್ಲ ಅಂದ್ರೆ ಬೇಜಾರಲ್ವಾ ಅಂತ ಕೇಳಿದೆ. "ಐವತ್ತಕ್ಕೆ ನಿಲ್ಲಿಸಿದ್ರೆ ಅಂಟುತ್ತೆ ಅಂತ ಬರೆದು ಸೈನ್ ಹಾಕ್ತಿದ್ದೆ," ಅಂದಳು. ಮೂರನೇ ರನ್ನಲ್ಲೂ ಹೆಚ್ಚುಕಡಿಮೆ ಹಾಗೇ ಆಯ್ತು, ಇನ್ನೂ ತಡವಾಗಿ. 24ನೇ ದಿನ ರಾತ್ರಿ ಮೂರೂ ಮುಗಿದವು.

ಆ ತಿಂಗಳ ಕರೆಂಟ್ ಬಿಲ್ 2,400 ಚಿಲ್ಲರೆ ಬಂತು, ಅರ್ಧ ಅವಳೇ ಕಳಿಸಿದಳು. ರಿಪೋರ್ಟ್ ಗಡುವಿಗೆ ಮೊದಲೇ ಹೋಯ್ತು. ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಅರ್ಧ ಗಂಟೆ ಆ 130ರ ಗ್ರಾಫ್ ಮೇಲೇ ಪ್ರಶ್ನೆ ಕೇಳಿದರಂತೆ, ಕೊನೆಗೆ ಇದನ್ನೆಲ್ಲ ಯಾವ ಮೆಷಿನ್ನಲ್ಲಿ ಓಡಿಸಿದ್ದು ಅಂದರಂತೆ. ಪಿಎಚ್.ಡಿ. ಅರ್ಜಿ ಹಾಕಿದಾಳೆ, ಉತ್ತರ ಇನ್ನೂ ಬಂದಿಲ್ಲ. ಬೋರ್ಡು ಪ್ಲೈವುಡ್ ಸಮೇತ ಮಂಚದ ಕೆಳಗಿದೆ, ಅವಳ ಇಬ್ಬರು ಸಹಪಾಠಿಗಳು ತಮ್ಮದನ್ನೂ ಓಡಿಸಿಕೊಡ್ತೀರಾ ಅಣ್ಣ ಅಂತ ಮೆಸೇಜ್ ಹಾಕಿದಾರೆ. ಮುಂದಿನ ಮೀಟರ್ ರೀಡಿಂಗ್ ತಾರೀಕು ನೋಡಿ ಹೇಳ್ತೀನಿ ಅಂದಿದೀನಿ.