ಒಂದು ಪಟ್ಟಿ, ಎರಡು ಕೈ

ಕಳೆದ ಗೌರಿ ಹಬ್ಬಕ್ಕೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂಡಿಗೆರೆಯ ನಮ್ಮ ಮನೆಗೂ ಬಂದಿದ್ದಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಎಂಟನೇ ತರಗತಿಯಲ್ಲಿ ಪ್ರಶ್ನೆ ಕೇಳಿ ಕೇಳಿ ನನ್ನನ್ನು ಸುಸ್ತು ಮಾಡುತ್ತಿದ್ದ ಹುಡುಗಿ. ಈಗ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. "ಏನಮ್ಮಾ, ನಿದ್ದೆ ಮಾಡುತ್ತೀಯೋ ಇಲ್ಲವೋ?" ಎಂದೆ.

"ಮೂರು ವಾರದಿಂದ ಒಂದು ತಪ್ಪು ಹುಡುಕುತ್ತಿದ್ದೆ ಸಾರ್. ಕೊನೆಗೂ ಸಿಕ್ಕಿತು. ಸರಿಮಾಡಲು ಬೇಕಾದದ್ದು ನಾಲ್ಕೇ ಸಾಲು!" ಎಂದು ನಕ್ಕಳು.

ನಾಲ್ಕು ಸಾಲಿಗೆ ಮೂರು ವಾರವೇ ಎಂದು ನನಗೆ ಆಶ್ಚರ್ಯ. "ಅದು ಕರೆದಾಗ ಬರುವ ತಪ್ಪಲ್ಲ ಸಾರ್. ಹತ್ತು ಸಾವಿರ ಸಲ ಸರಿಯಾಗಿ ನಡೆದು ಒಂದು ಸಲ ಕೈಕೊಡುತ್ತದೆ. ಹಿಡಿಯೋಣವೆಂದು ಕಾದು ಕುಳಿತರೆ ಮಾಯ. ನಾವು ನೋಡಲು ಹೋಗುವುದರಿಂದಲೇ ಕೆಲಸದ ವೇಗ ಚೂರು ಬದಲಾಗಿ ತಪ್ಪು ಅಡಗಿಕೊಳ್ಳುತ್ತದೆ" ಎಂದಳು. ಇದಕ್ಕೆ ರೇಸ್ ಕಂಡೀಷನ್ ಎಂದು ಹೆಸರು. ಎರಡು ಕೆಲಸಗಳು ಒಂದೇ ವಸ್ತುವಿಗೆ ಏಕಕಾಲಕ್ಕೆ ಕೈಹಾಕಿ, ಯಾವುದು ಯಾವಾಗ ಮುಗಿಯಿತು ಎಂಬುದರ ಮೇಲೆ ಫಲಿತಾಂಶವೇ ಬದಲಾಗುವ ಪರಿಸ್ಥಿತಿ.

ಅವಳು ಕೊಟ್ಟ ಉದಾಹರಣೆ ಲಿನಕ್ಸ್‌ನದು. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ ಈ ಕಾರ್ಯಾಚರಣ ವ್ಯವಸ್ಥೆ ಇಂದು ಲೆಕ್ಕವಿಲ್ಲದಷ್ಟು ಯಂತ್ರಗಳ ಒಳಗಿದೆ. ನಿಮ್ಮ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. ಜಾಲದ ಮೂಲಕ ಮಾಹಿತಿಯನ್ನು ಕಳಿಸಲು, ಪಡೆಯಲು ಅದು ಸಾಕೆಟ್ ಎಂಬ ಲೆಕ್ಕದ ಪುಸ್ತಕವನ್ನು ತೆರೆಯುತ್ತದೆ ಎನ್ನೋಣ. ಅಂಥ ಒಂದು ಬಗೆಯ ಸಾಕೆಟ್‌ಗೆ 2011ರಲ್ಲಿ ಹೊಸ ಸೌಲಭ್ಯವೊಂದನ್ನು ಸೇರಿಸಿದರು. ಆಗ ಒಂದು ಬಿರುಕು ಉಳಿಯಿತು. ಒಂದು ಕೈ, ಬಂದ ಮಾಹಿತಿಯನ್ನು ಇಡಲು ಜಾಗ ಸಿದ್ಧಪಡಿಸುತ್ತಿರುವಾಗಲೇ ಇನ್ನೊಂದು ಕೈ ಆ ಜಾಗದ ನಮೂನೆಯನ್ನೇ ಬದಲಿಸಬಹುದಾಗಿತ್ತು. ಐದು ವರ್ಷ ಯಾರ ಗಮನಕ್ಕೂ ಬರಲಿಲ್ಲ. 2016ರಲ್ಲಿ ಫಿಲಿಪ್ ಪೆಟರ್‌ಸನ್ ಎಂಬವರು ಅದನ್ನು ಕಂಡುಹಿಡಿದರು. ಈ ಸಂದಿಯಲ್ಲಿ ನುಗ್ಗಿ ಸಾಮಾನ್ಯ ಬಳಕೆದಾರನೊಬ್ಬ ಇಡೀ ಯಂತ್ರದ ಯಜಮಾನನಾಗಲು ಸಾಧ್ಯವಿತ್ತು.

"ಜಾಗ ಸಿದ್ಧವಾಗಿದೆಯೇ ಎಂದು ಪರೀಕ್ಷೆ ಮಾಡುತ್ತಿರಲಿಲ್ಲವೇ?" ಎಂದು ಕೇಳಿದೆ.

"ಮಾಡುತ್ತಿತ್ತು ಸಾರ್. ಆದರೆ ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಸಂದಿ ಇತ್ತು. ಅಷ್ಟರಲ್ಲಿ ಇನ್ನೊಬ್ಬರು ಬರೆದುಬಿಟ್ಟರೆ ನಾವು ನೋಡಿದ್ದು ಹಳೆಯದಾಯಿತಲ್ಲ! ಮೊದಲು ಬೀಗ ಹಾಕಿಕೊಳ್ಳಬೇಕು, ಆಮೇಲೆ ನೋಡಬೇಕು, ಬರೆಯಬೇಕು, ಬೀಗ ತೆಗೆಯಬೇಕು. ಅಲ್ಲಿ ಮಾಡಿದ್ದೂ ಅಷ್ಟೇ."

ಇದು ಹೊಸ ಉಪಾಯವೇನಲ್ಲ. ಒಂಟಿ ಹಳಿಯ ರೈಲು ಮಾರ್ಗದಲ್ಲಿ ಟೋಕನ್ ಕೈಗೆ ಬರದೆ ಚಾಲಕ ಗಾಡಿ ಹೊರಡಿಸುತ್ತಿರಲಿಲ್ಲ. ಒಬ್ಬನ ಕೈಯಲ್ಲಿ ಟೋಕನ್ ಇರುವವರೆಗೆ ಆ ಹಳಿಗೆ ಎದುರಿನಿಂದ ಇನ್ನೊಂದು ಗಾಡಿ ಬರುವಂತಿಲ್ಲ. ಕಂಪ್ಯೂಟರಿಗೆ ಇಂಥ ಶಿಸ್ತನ್ನು ಕಲಿಸುವ ಬಗೆಯನ್ನು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1965ರಷ್ಟು ಹಿಂದೆಯೇ ಬರೆದಿದ್ದರು.

ಅವಳು ಕಾಫಿ ಕುಡಿದು ಹೊರಟುಹೋದಳು. ನಾನು ಮಾತ್ರ ಕುಳಿತಲ್ಲೇ ಕುಳಿತಿದ್ದೆ. "ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಸಂದಿ" ಎಂಬ ಮಾತು ನನ್ನನ್ನು 1999ಕ್ಕೆ ಎಳೆದುಕೊಂಡು ಹೋಗಿತ್ತು.

ಆಗ ನಾನು ಬೇರೊಂದು ಶಾಲೆಯಲ್ಲಿ ತರಗತಿ ಉಪಾಧ್ಯಾಯ. ಪರೀಕ್ಷಾ ಶುಲ್ಕ ಬಾಕಿ ಇರುವ ಹದಿನಾಲ್ಕು ಮಕ್ಕಳ ಪಟ್ಟಿ ಆಫೀಸಿನ ರಿಜಿಸ್ಟರಿನಲ್ಲಿತ್ತು. ಬೆಳಿಗ್ಗೆ ಅದನ್ನು ಒಂದು ಹಾಳೆಗೆ ನಕಲು ಮಾಡಿಕೊಂಡು ತರಗತಿಗೆ ಹೋದೆ. ಮೂವರು ನನ್ನ ಕೈಗೆ ಹಣ ಕೊಟ್ಟರು; ಅವರ ಹೆಸರು ಹೊಡೆದುಹಾಕಿದೆ. ಸಂಜೆ ಉಳಿದ ಹನ್ನೊಂದು ಹೆಸರುಗಳನ್ನು ದುಂಡಗೆ ಬರೆದು, ಹಳೆಯ ಪಟ್ಟಿಯ ಮೇಲೆ ಅಂಟಿಸಿದೆ. ಗೀಚು ಹೊಡೆದ ಪಟ್ಟಿ ನೋಡಲು ಚೆನ್ನಾಗಿರುವುದಿಲ್ಲವೆಂಬ ನನ್ನ ಅಚ್ಚುಕಟ್ಟುತನ!

ಮರುದಿನ ಹನ್ನೊಂದು ಹೆಸರು ಓದಿದೆ. ಒಬ್ಬ ಹುಡುಗ ಎದ್ದುನಿಂತು, "ನಿನ್ನೆ ಆಫೀಸಿನಲ್ಲಿ ಕೊಟ್ಟೆ ಸಾರ್" ಎಂದ. ಎಸ್ಟೇಟಿನ ಲೈನ್ ಮನೆಯ ಹುಡುಗ. ಗುಮಾಸ್ತರಿಗೆ ನೆನಪಿಲ್ಲ. ರಸೀದಿ ಪುಸ್ತಕ ಮುಗಿದಿದ್ದರಿಂದ ಆ ದಿನ ಯಾರಿಗೂ ರಸೀದಿ ಕೊಟ್ಟಿರಲಿಲ್ಲ. "ಸುಳ್ಳು ಹೇಳಬೇಡ" ಎಂದು ನಲವತ್ತು ಮಕ್ಕಳ ಎದುರು ಗದರಿದೆ. ಅವನ ಅಪ್ಪ ಮೇಸ್ತ್ರಿಯ ಬಳಿ ಮುಂಗಡ ಪಡೆದು ಮತ್ತೊಮ್ಮೆ ಕಟ್ಟಿದರು.

ತಿಂಗಳ ಕೊನೆಗೆ ಹಣ ಎಣಿಸಿದಾಗ ಒಬ್ಬ ಹುಡುಗನ ಶುಲ್ಕದಷ್ಟು ಹೆಚ್ಚಿತ್ತು. ಕಡಿಮೆಯಾದರೆ ಎಲ್ಲರೂ ಹುಡುಕುತ್ತಾರೆ, ಹೆಚ್ಚಾದರೆ ಯಾರು ಹುಡುಕುತ್ತಾರೆ? ನಾನೂ ಹುಡುಕಲಿಲ್ಲ.

ಈಗ ಅರ್ಥವಾಯಿತು. ನಾನು ಹಾಳೆ ಹಿಡಿದು ತರಗತಿಯಲ್ಲಿದ್ದಾಗ ಹುಡುಗ ಆಫೀಸಿಗೆ ಹೋಗಿ ಹಣ ಕೊಟ್ಟಿದ್ದ. ಗುಮಾಸ್ತರು ರಿಜಿಸ್ಟರಿನಲ್ಲಿ ಅವನ ಹೆಸರು ಹೊಡೆದಿದ್ದರು. ಸಂಜೆ ನಾನು ಅಂಟಿಸಿದ ಚಂದದ ಹಾಳೆಯ ಅಡಿಯಲ್ಲಿ ಆ ಗೀಟು ಮುಚ್ಚಿಹೋಯಿತು. ಇರಬೇಕಾದದ್ದು ಹತ್ತು ಹೆಸರು. ಗುಮಾಸ್ತರದು ತಪ್ಪಲ್ಲ. ಹುಡುಗನದಂತೂ ಅಲ್ಲವೇ ಅಲ್ಲ. ಬೆಳಗಿನ ಹಾಳೆಯನ್ನು ನಂಬಿ ಸಂಜೆಯ ಸತ್ಯ ಬರೆದವನು ನಾನು.

ಆ ಹುಡುಗ ಈಗ ಬಣಕಲ್ ಕಡೆ ಗ್ಯಾರೇಜ್ ಇಟ್ಟುಕೊಂಡಿದ್ದಾನೆ. ಮರುವಾರವೇ ಹೋಗಿ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವನು ಕೈಯ ಎಣ್ಣೆ ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. "ದುಡ್ಡಿನದು ಬಿಡಿ ಸಾರ್. ಆ ದುಡ್ಡನ್ನ ನಾನು ಜಾತ್ರೆಲಿ ಕಳೆದೆ ಅಂತ್ಲೇ ಅಪ್ಪ ಸಾಯೋತನಕ ತಿಳ್ಕೊಂಡಿದ್ರು. ಅಮ್ಮ ಮನೇಲಿದ್ದಾರೆ. ಅವರಿಗೊಂದು ಮಾತು ಹೇಳ್ತೀರಾ?" ಎಂದ.

ಹೋಗಿ ಹೇಳಿದೆ. ಆಕೆ ಮಗನ ಮುಖ ನೋಡಿದರು, ಆಮೇಲೆ ನನಗೆ ಕಾಫಿ ಕೊಟ್ಟರು. ಅಪ್ಪನಿಗೆ ಹೇಳುವ ಕಾಲ ಮಾತ್ರ ಮೀರಿಹೋಗಿತ್ತು.

ಪ್ರಯೋಗದ ಫಲಿತಾಂಶ ಎರಡನೇ ಸಲ ಬರದಿದ್ದರೆ ಅದು ವಿಜ್ಞಾನವಲ್ಲ ಎಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆ ಮಾತು ಸರಿಯೇ. ಆದರೆ ಒಮ್ಮೆ ಮಾತ್ರ ಆದದ್ದು ಸುಳ್ಳೆಂದು ಅದರ ಅರ್ಥವಲ್ಲ. ಮಕ್ಕಳೇ, ನಿಮ್ಮ ಲೆಕ್ಕ ಒಂದು ಸಲ ತಪ್ಪಿ ಇನ್ನೊಂದು ಸಲ ಸರಿ ಬಂದರೆ ಬಿಟ್ಟುಬಿಡಬೇಡಿ. ಆ ಕ್ಷಣ ಇನ್ನೇನು ನಡೆಯುತ್ತಿತ್ತು ಎಂದು ಕೇಳಿ. ತಂದೆ ತಾಯಂದಿರೇ, ಮಗು "ನಾನು ಕೊಟ್ಟಿದ್ದೇನೆ" ಎಂದರೆ ಪಟ್ಟಿಯನ್ನು ನಂಬುವ ಮೊದಲು ಒಮ್ಮೆ ಪಟ್ಟಿಯ ಅಡಿಯಲ್ಲೂ ನೋಡಿ.

ನಮ್ಮ ಶಾಲೆಯಲ್ಲಿ ನಾನೀಗ ಯಾವ ಪಟ್ಟಿಯನ್ನೂ ನಕಲು ಮಾಡಿಕೊಳ್ಳುವುದಿಲ್ಲ. ರಿಜಿಸ್ಟರ್ ಒಂದೇ. ಅದು ಯಾರ ಕೈಯಲ್ಲಿದೆಯೋ ಅವರು ಬರೆದು ಮುಗಿಸುವವರೆಗೆ ಉಳಿದವರು ಕಾಯುತ್ತೇವೆ.