ವೇಮಗಲ್ಲಿನ ಮೂರು ಕೋವಿಗಳು

ಕೋಲಾರದ ಬಸ್ ನಿಲ್ದಾಣದಲ್ಲಿ ಚಿಕ್ಕಬಳ್ಳಾಪುರದ ಕಡೆ ಹೋಗುವ ಕೆಂಪು ಬಸ್ಸು ಹತ್ತಿ ಕೂತರೆ ಅರ್ಧ ಗಂಟೆಯಲ್ಲಿ ವೇಮಗಲ್ ಬರುತ್ತದೆ. ದಾರಿಯುದ್ದಕ್ಕೂ ನೀಲಗಿರಿ ತೋಪು, ಟೊಮೆಟೊ ಬಳ್ಳಿಗೆ ನೆಟ್ಟ ಕೋಲುಗಳು, ಹಿಪ್ಪುನೇರಳೆ ಕಡ್ಡಿ, ಅಲ್ಲೊಂದು ಇಲ್ಲೊಂದು ಬೋಳು ಬಂಡೆ. ಕಾಡು ಎನ್ನುವಂಥದ್ದು ಎಲ್ಲೂ ಕಾಣುವುದಿಲ್ಲ. ಇಂಥ ಬಯಲು ಸೀಮೆಯ ಒಂದು ಮನೆಯಲ್ಲಿ ಮೂರು ಮೂರು ಕೋವಿಗಳಿದ್ದವು ಎಂದರೆ ಹೊರಗಿನವರು ನಂಬುವುದು ಕಷ್ಟ. ಆದರೆ ನನ್ನ ಸೋದರಮಾವನ ಮನೆಯಲ್ಲಿ ಇದ್ದವು. ಪಡಸಾಲೆಯ ಗೋಡೆಯಲ್ಲಿ ಅವುಗಳಿಗೆಂದೇ ಹೊಡೆದ ಹೊನ್ನೆಮರದ ಗೂಟಗಳು ಈಗಲೂ ಇವೆ.

2008ರ ತನಕ ವೇಮಗಲ್ ಒಂದು ವಿಧಾನಸಭಾ ಕ್ಷೇತ್ರವಾಗಿತ್ತು. ಕ್ಷೇತ್ರ ಹೋಯಿತು, ಕೈಗಾರಿಕಾ ಪ್ರದೇಶ ಬಂತು. ಇಲ್ಲಿಯ ಟಾಟಾ ಕಾರ್ಖಾನೆಯೊಂದರಲ್ಲಿ ಜೋಡಿಸಿದ ಉಪಗ್ರಹ 2024ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲಾರಿಡಾದಿಂದ ಆಕಾಶಕ್ಕೆ ಹಾರಿತು. ಆ ಕಾರ್ಖಾನೆಯ ದೀಪದ ಬೆಳಕು ಮಾವನ ಹೊಲದ ಬದುವಿನ ತನಕ ಬೀಳುತ್ತದೆ. ಅದೇ ಬದುವಿನಲ್ಲಿ ರಾತ್ರಿ ಹಂದಿಗಳೂ ಬರುತ್ತವೆ!

ಮಾವನಿಗೆ ಈಗ ಎಂಬತ್ತು ದಾಟಿದೆ. ಕಳೆದ ಮಾಗಿಯಲ್ಲಿ ನಾನು ಹೋದಾಗ ಬಿಸಿಲಿಗೆ ಮೈಯೊಡ್ಡಿ ಜಗಲಿಯ ಮೇಲೆ ಕೂತಿದ್ದರು. ಕಾಫಿಯಾದ ಮೇಲೆ, ಚಿಕ್ಕಂದಿನ ಚಾಳಿಯಂತೆ, 'ಕೋವಿ ತೋರಿಸಿ ಮಾವ' ಎಂದೆ. ಅವರು ಸೊಂಟದ ಬೀಗದ ಕೈ ಬಿಚ್ಚಿ ಒಳಕೋಣೆಯ ಕಬ್ಬಿಣದ ಬೀರು ತೆರೆದರು. ಒಳಗೆ ಬಡಗಿಯಿಂದ ಮಾಡಿಸಿದ ಮೂರು ಕಂಡಿಗಳ ಮರದ ಚೌಕಟ್ಟು. ಎರಡರಲ್ಲಿ ಕೋವಿ. ಮೂರನೆಯದರಲ್ಲಿ ಒಂದು ಛತ್ರಿ!

ಆ ಛತ್ರಿಯ ಕಥೆಯನ್ನೇ ಹೇಳಬೇಕೆಂದಿದ್ದೇನೆ. ಅದಕ್ಕೆ ಮೊದಲು ಕೋವಿಗಳ ಪರಿಚಯವಾಗಬೇಕು.

ಮೊದಲನೆಯದು ಕೇಪಿನ ಕೋವಿ. ಒಂಟಿ ನಳಿಗೆ. ಬಾಯಿಂದಲೇ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಕುಟ್ಟಿ, ಚರೆ ಹಾಕಿ, ಮತ್ತೆ ನಾರು ಜಡಿದು, ಕೊನೆಗೆ ಹಿಂಬದಿಯ ಮೊಲೆತೊಟ್ಟಿನಂಥ ತುದಿಗೆ ತಾಮ್ರದ ಕೇಪು ತೊಡಿಸಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ಮೊಲ ಮನೆ ಸೇರಿ ಮಲಗಿರುತ್ತದೆ ಎಂದು ಮಾವ ನಗುತ್ತಾರೆ. ಮಳೆಗಾಲದಲ್ಲಿ ಮದ್ದು ತೇವವಾದರೆ ಬರೀ 'ಟಿಕ್' ಎನ್ನುತ್ತದೆ. ಆದರೂ ರೈತನ ಕೋವಿ ಎಂದರೆ ಇದೇ. 1959ರ ಶಸ್ತ್ರಾಸ್ತ್ರ ಕಾಯಿದೆಯೇ ಹಾಗೆ ಹೇಳುತ್ತದೆ. ಬೆಳೆ ರಕ್ಷಣೆಗೆಂದು ಲೈಸೆನ್ಸು ಕೇಳುವ ರೈತನಿಗೆ ಮೊದಲು ಸಿಗುವುದು ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯನಳಿಗೆಯ ಕೋವಿ.

ಎರಡನೆಯದು ಜೋಡುನಳಿಗೆಯ ಹನ್ನೆರಡು ಬೋರಿನ ತೋಟಾ ಕೋವಿ. 'ಹನ್ನೆರಡು ಬೋರು' ಎನ್ನುವುದು ಅಂಗುಲವೂ ಅಲ್ಲ, ಸೆಂಟಿಮೀಟರೂ ಅಲ್ಲ. ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಗುಂಡು ಎರಕ ಹೊಯ್ದರೆ ಒಂದೊಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು ಅಗಲ, ಅಂದರೆ ಸುಮಾರು 18.5 ಮಿಲಿಮೀಟರು. ಎರಡು ನಳಿಗೆಯೂ ಒಂದೇ ಥರ ಇರುವುದಿಲ್ಲ. ಎಡ ನಳಿಗೆಯ ಬಾಯಿ ಕೊಂಚ ಬಿಗಿ, ಬಲದ್ದು ಕೊಂಚ ಸಡಿಲ. ಬಿಗಿಯಾದ ನಳಿಗೆಯಿಂದ ಚರೆ ಒತ್ತಾಗಿ ದೂರ ಹೋಗುತ್ತದೆ, ಸಡಿಲದ್ದರಿಂದ ಹತ್ತಿರದಲ್ಲೇ ಹರಡುತ್ತದೆ. ಕಿರ್ಕಿಯ ಸರ್ಕಾರಿ ಕಾರ್ಖಾನೆಯ 'ಶಕ್ತಿಮಾನ್' ತೋಟಾಗಳಲ್ಲಿ ಹಕ್ಕಿಗೆ ಸಣ್ಣ ಚರೆ, ಹಂದಿಗೆ ದಪ್ಪ ಚರೆ. ತೋಟಾ ಬದಲಿಸಿದರೆ ಕೋವಿಯೇ ಬದಲಾದಂತೆ. ಒಂದೇ ಕೋವಿ ಇಟ್ಟುಕೊಳ್ಳಬೇಕು ಎಂದರೆ ಇದಕ್ಕಿಂತ ಬಹುಪಯೋಗಿ ಮತ್ತೊಂದಿಲ್ಲ. ಆದರೆ ಮೂವತ್ತೈದು ನಲವತ್ತು ಮೀಟರು ದಾಟಿದ ಮೇಲೆ ಇದರ ಆಟ ನಡೆಯುವುದಿಲ್ಲ.

ಮೂರನೆಯದು .315 ರೈಫಲ್. ಇಶಾಪುರದ ಸರ್ಕಾರಿ ಕಾರ್ಖಾನೆಯದು. ಆಸ್ಟ್ರಿಯಾ-ಹಂಗೆರಿಯ ಸೈನ್ಯ ಬಳಸುತ್ತಿದ್ದ ಹಳೆಯ ಮ್ಯಾನ್ಲಿಕರ್ ತೋಟಾದ ಅಳತೆ ಬಂಗಾಳಕ್ಕೆ ಬಂದು, ಅಲ್ಲಿಂದ ನಮ್ಮ ವೇಮಗಲ್ಲಿಗೆ ಬಂದದ್ದು ಹೇಗೆ? ಬ್ರಿಟಿಷರಿಗೆ ತಮ್ಮ ಸೈನ್ಯದ .303 ತೋಟಾ ಜನರ ಕೈಗೆ ಸಿಗುವುದು ಬೇಕಿರಲಿಲ್ಲ. ಸೈನ್ಯಕ್ಕೆ ಹೊಂದದ ಬೋರು ಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೂ ಆ ನಿಯಮ ಉಳಿಯಿತು, .315 ಕೂಡ ಉಳಿಯಿತು.

ಇದನ್ನು ಕೊಂಡವರು ಮಾವನ ತಂದೆ, ನನ್ನ ಅಜ್ಜ. ಅರವತ್ತರ ದಶಕದಲ್ಲಿ ಒಂದು ವರ್ಷ ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಬಂದಿತ್ತಂತೆ. ಕೋಲಾರ ಸೀಮೆಗೆ ಬಂದೂಕಿನ ಹುಚ್ಚು ಹೊಸದೇನಲ್ಲ. ಹೈದರಾಲಿ ಹುಟ್ಟಿದ ಬೂದಿಕೋಟೆ ಇದೇ ಜಿಲ್ಲೆಯದು. ಆದರೆ ಅಜ್ಜನ ಹುಚ್ಚಿಗೆ ಕಾರಣ ಬೇರೆ. ಆ ಕಾಲದ ದೊಡ್ಡ ಶಿಕಾರಿಗಳ ಕಥೆಗಳನ್ನು ಅವರು ಯಾರ್‍ಯಾರಿಂದಲೋ ಕೇಳಿದ್ದರು. ಬೆಂಗಳೂರಿನ ಕೆನೆತ್ ಆಂಡರ್ಸನ್‌ರ ಕೈಯಲ್ಲಿ .405 ವಿಂಚೆಸ್ಟರ್. ಚಂಪಾವತದ ನರಭಕ್ಷಕಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಬಹುಮಾನವಾಗಿ ಬಂದದ್ದು .275 ರಿಗ್ಬಿ. ಮುಂದೆ ತೇಜಸ್ವಿಯವರು ಆಂಡರ್ಸನ್‌ರ ಅನುಭವಗಳನ್ನು ಕನ್ನಡಕ್ಕೆ ತಂದಾಗ ಮಾವ ಅದನ್ನು ಅಜ್ಜನಿಗೆ ಓದಿ ಹೇಳಿದರಂತೆ. 'ನಮ್ಮದೂ ಅಂಥದ್ದೇ' ಎಂದು ಮುದುಕ ಮಲಗಿದಲ್ಲೇ ರೈಫಲಿನತ್ತ ಕೈ ತೋರಿಸುತ್ತಿದ್ದರಂತೆ. ಹುಲಿ ಮಾತ್ರ ವೇಮಗಲ್ಲಿಗೆ ಒಮ್ಮೆಯೂ ಬರಲಿಲ್ಲ!

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಬೇಟೆ ನಿಂತಿತು. ಕೋವಿ ನಿಲ್ಲಲಿಲ್ಲ. ಲೈಸೆನ್ಸು ನವೀಕರಿಸುವುದು, ಚುನಾವಣೆ ಬಂದಾಗಲೆಲ್ಲ ಮೂರನ್ನೂ ಗೋಣಿಯಲ್ಲಿ ಸುತ್ತಿ ಠಾಣೆಯಲ್ಲಿಟ್ಟು ರಸೀದಿ ಪಡೆಯುವುದು, ಮುಗಿದ ಮೇಲೆ ತರುವುದು, ಎಣ್ಣೆ ಹಚ್ಚುವುದು, ಇಷ್ಟೇ ಕೆಲಸ. 'ಹಸು ಕಟ್ಟಿದ್ರೆ ಹಾಲಾದ್ರೂ ಕೊಡ್ತದೆ' ಎಂದು ಅತ್ತೆ ಗೊಣಗುತ್ತಿದ್ದರು.

2019ರ ಡಿಸೆಂಬರ್‌ನಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಅದುವರೆಗೆ ಒಬ್ಬ ವ್ಯಕ್ತಿ ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಇನ್ನು ಮೇಲೆ ಎರಡೇ. ಮೂರನೆಯದನ್ನು ಒಂದು ವರ್ಷದ ಒಳಗೆ ಠಾಣೆಗೋ ಲೈಸೆನ್ಸುಳ್ಳ ವ್ಯಾಪಾರಿಗೋ ಒಪ್ಪಿಸಬೇಕು. ತಾತನ ಕಾಲದಿಂದ ಬಂದದ್ದು ಎಂದರೂ ಲೆಕ್ಕ ಎರಡೇ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿಯಿದೆ. ಕೈಲ್‌ಪೊಳ್ದ್ ದಿನ ಅವರು ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಬಯಲು ಸೀಮೆಯವರಿಗೆ ಅಂಥ ಭಾಗ್ಯವಿಲ್ಲ. ಒಂದನ್ನು ಬಿಡಲೇಬೇಕು. ಯಾವುದನ್ನು?

ಮನೆಯಲ್ಲಿ ದೊಡ್ಡ ಪಂಚಾಯ್ತಿಯೇ ನಡೆಯಿತಂತೆ. ಮಾವನ ಮಗ, ನನ್ನ ಭಾವಮೈದ, ರೈಫಲ್ ಉಳಿಯಲೇಬೇಕೆಂದು ಹಟ ಹಿಡಿದ. 'ಕೇಪಿನ ಕೋವಿ ತುಕ್ಕು ಕಬ್ಬಿಣ. ಅದನ್ನ ಕೊಟ್ಟುಬಿಡಿ. ಒಂದು ರೈಫಲು, ಒಂದು ಜೋಡುನಳಿಗೆ ಇದ್ರೆ ದೂರಕ್ಕೊಂದು, ಹತ್ತಿರಕ್ಕೊಂದು ಆಯ್ತು' ಎಂದನಂತೆ. ಲೆಕ್ಕ ತಪ್ಪಲ್ಲ. ಕಾಡಿನ ಸೀಮೆಯಲ್ಲಿ ಕೇಳಿದ್ದರೆ ಯಾವ ಹಳೆಯ ಶಿಕಾರಿಯೂ ಇದೇ ಮಾತು ಹೇಳುತ್ತಿದ್ದ.

ಮಾವ ಆಗ ಮಗನಿಗೆ ಹೇಳಿದ ಸಂಗತಿಯನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಅದು ವನ್ಯಜೀವಿ ಕಾಯಿದೆ ಬರುವುದಕ್ಕೆ ಎರಡು ಮೂರು ವರ್ಷ ಹಿಂದಿನ ಮಾತು. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿತ್ತು. ಬೆಳುದಿಂಗಳು. ಅಜ್ಜ ರೈಫಲ್ ಎತ್ತಿ ಹೊಡೆದರು. ಹಂದಿಗೆ ತಾಗಲಿಲ್ಲ. ಮಾವ ಪಕ್ಕದಲ್ಲೇ ಬ್ಯಾಟರಿ ಹಿಡಿದು ನಿಂತಿದ್ದರು. ಬೆಳಿಗ್ಗೆ ನೀರು ಕಟ್ಟಲು ಹೋದಾಗ, ಎರಡು ಹೊಲ, ಒಂದು ಕುಂಟೆ ದಾಟಿ, ಅರ್ಧ ಮೈಲಿ ಆಚೆಯ ಪಂಪ್‌ಸೆಟ್ ಮನೆಯ ಬಾಗಿಲಲ್ಲಿ ತೂತು ಕಂಡಿತು. ಒಳಗೆ ಮಣ್ಣುಗೋಡೆಯಲ್ಲಿ ಗುಂಡು ಹೂತಿತ್ತು. ಗೋಡೆಯ ಕೆಳಗೇ ಚಾಪೆ. ಅಲ್ಲಿ ದಿನವೂ ಮಲಗುತ್ತಿದ್ದ ಆಳು ಆ ರಾತ್ರಿ ಸೀತಿ ಬೆಟ್ಟಕ್ಕೆ ಹರಕೆ ತೀರಿಸಲು ಹೋಗಿದ್ದ.

'ನಾನೇ ಚಾಕಿಂದ ಗುಂಡು ಕಿತ್ತು ಕುಂಟೆಗೆ ಎಸೆದೆ. ಬಾಗಿಲ ತೂತಿಗೆ ಮೇಣ ಮೆತ್ತಿದೆ. ಅಪ್ಪನಿಗೂ ಹೇಳಲಿಲ್ಲ. ಆ ಮನುಷ್ಯ ಆಮೇಲೆ ಇಪ್ಪತ್ತು ವರ್ಷ ನಮ್ಮ ಹೊಲದಲ್ಲೇ ದುಡಿದ. ಅವನು ಊಟಕ್ಕೆ ಕೂತಾಗಲೆಲ್ಲ ನಂಗೆ ಆ ಚಾಪೆ ಕಾಣ್ತಿತ್ತು' ಎಂದರು ಮಾವ.

ಸೀತಿ ಬೆಟ್ಟ ವೇಮಗಲ್ಲಿಗೆ ಹತ್ತಿರವೇ ಇದೆ. ಅಲ್ಲಿಯ ಭೈರವನಿಗೆ ಸೇರಿದ ಒಂದು ಹಳೆಯ ಕಥೆಯುಂಟು. ಭಸ್ಮಾಸುರ ಅಟ್ಟಿಸಿಕೊಂಡು ಬಂದಾಗ ಶಿವ ಹೊಲದಲ್ಲಿ ಅವಿತುಕೊಂಡ. ರಾಕ್ಷಸ ಬಂದು ಕೇಳಿದಾಗ ರೈತ ಬಾಯಲ್ಲಿ 'ಕಾಣೆ' ಎಂದ, ಬೆರಳಿನಲ್ಲಿ ತೋರಿಸಿದ. ಆ ಬೆರಳನ್ನು ಕತ್ತರಿಸಲು ಶಿವ ಮುಂದಾದಾಗ, ಗಂಡನ ಕೈ ಹೋದರೆ ಉಳುವವರಾರೆಂದು ಹೆಂಡತಿ ತನ್ನ ಎರಡು ಬೆರಳು ಕೊಟ್ಟಳು. ಮೊರಸು ಒಕ್ಕಲಿಗರ ಹೆಂಗಸರು ಹಿಂದೆ ಬೆರಳು ಕೊಡುತ್ತಿದ್ದ ಪದ್ಧತಿ ಹೀಗೆ ಹುಟ್ಟಿತೆಂದು ಹೇಳುತ್ತಾರೆ. ಲೂಯಿ ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ದಾಖಲಿಸಿದ್ದಾರೆ. ಪದ್ಧತಿ ಎಂದೋ ಹೋಯಿತು. ಕಥೆ ಉಳಿದಿದೆ. ಬೆರಳು ಆಡಿಸುವವನು ಒಬ್ಬ, ಬೆರಳು ಕಳೆದುಕೊಳ್ಳುವವರು ಇನ್ನೊಬ್ಬರು!

ರೈಫಲ್ ಹೋಯಿತು. ಕೇಪಿನ ಕೋವಿಯೂ ಜೋಡುನಳಿಗೆಯೂ ಉಳಿದವು.

ಮಾವನ ತರ್ಕ ಸರಳ. ಕೋವಿ ಆರಿಸುವವನು ಮೊದಲು ಪ್ರಾಣಿಯನ್ನಲ್ಲ, ಊರನ್ನು ನೋಡಬೇಕು. ರೈಫಲಿನ ಗುಂಡು ಎರಡು ಕಿಲೋಮೀಟರು ಹೋದರೂ ಪ್ರಾಣ ತೆಗೆಯಬಲ್ಲದು. ಮಲೆನಾಡಾದರೆ ಮುಂದೊಂದು ಗುಡ್ಡವೋ ಮರವೋ ಅದನ್ನು ತಡೆದೀತು. ಬಯಲಿನಲ್ಲಿ ತಡೆಯುವುದು ಇನ್ನೊಬ್ಬನ ಗೋಡೆಯೇ. ಈಗಂತೂ ಹೊಲಕ್ಕೊಂದು ಮನೆ, ಮೈಲಿಗೊಂದು ಕಾರ್ಖಾನೆ, ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಮರಳುವ ಹುಡುಗರು. ಸಣ್ಣ ಚರೆಯಾದರೆ ಇನ್ನೂರು ಮುನ್ನೂರು ಮೀಟರಿನೊಳಗೆ ನೆಲಕ್ಕೆ ಬೀಳುತ್ತದೆ. ಕೇಪಿನ ಕೋವಿಗೆ ಬರೀ ಮದ್ದು ಹಾಕಿ ಹೊಡೆದರೆ ಸದ್ದು ಬಿಟ್ಟು ಏನೂ ಹೋಗುವುದಿಲ್ಲ.

'ಒಂದು ಸದ್ದಿಗೆ, ಇನ್ನೊಂದು ಧೈರ್ಯಕ್ಕೆ. ರೈತನಿಗೆ ಇನ್ನೇನಪ್ಪಾ ಬೇಕು?' ಎಂದರು. ಧೈರ್ಯದ ಕೋವಿ ಬೀರುವಿನಿಂದ ಆಚೆ ಬಂದು ವರ್ಷಗಳೇ ಆಗಿವೆ. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲುವುದಕ್ಕೂ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಆದೇಶ ಬೇಕು. ನವಿಲಂತೂ ರಾಷ್ಟ್ರಪಕ್ಷಿ, ಟೊಮೆಟೊ ಕುಕ್ಕಿದರೂ ಕೈ ಮುಗಿಯಬೇಕು!

ಆ ರಾತ್ರಿ ಅಲ್ಲೇ ಉಳಿದೆ. ಹನ್ನೊಂದರ ಹೊತ್ತಿಗೆ ನಾಯಿ ಬೊಗಳಿತು. ಮಾವ ಎದ್ದರು. ಬೀರುವಿನ ಬಾಗಿಲು ಸದ್ದಾಯಿತು. ಕೇಪಿನ ಕೋವಿ ತರುತ್ತಾರೆಂದು ನಾನು ಕಾದೆ. ತಂದದ್ದು ಛತ್ರಿ. ಇನ್ನೊಂದು ಕೈಯಲ್ಲಿ ಹಳೆಯ ಎಣ್ಣೆ ಡಬ್ಬ. ಹೊಲದ ಬದುವಿನ ಮೇಲೆ ನಿಂತು ಛತ್ರಿಯ ಹಿಡಿಯಿಂದ ಡಬ್ಬವನ್ನು ಢಣಢಣ ಬಡಿದರು. ಜೋಳದ ಸಾಲಿನಲ್ಲಿ ಏನೋ ಸರಸರನೆ ಓಡಿತು.

ಪಂಪ್‌ಸೆಟ್ ಮನೆ ಈಗ ಇಲ್ಲ. ಅದಿದ್ದ ಜಾಗದಲ್ಲಿ ಕಾರ್ಖಾನೆ ಕೆಲಸಗಾರರಿಗೆ ಬಾಡಿಗೆಗೆ ಕಟ್ಟಿದ ಕೋಣೆಗಳ ಸಾಲು. ಒಂದು ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಯಾರೋ ಬಾಗಿಲು ತೆರೆದು ಹೊರಗೆ ಇಣುಕಿ, ಡಬ್ಬದ ಸದ್ದೆಂದು ತಿಳಿದು ಮತ್ತೆ ಮುಚ್ಚಿಕೊಂಡರು. ಮಾವ ಆ ಕಿಟಕಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, 'ನಡಿ, ಮಲಗೋಣ, ಮಂಜು ಬೀಳ್ತಿದೆ' ಎಂದು ಛತ್ರಿ ಬಿಚ್ಚಿದರು.