ಟಕ್ ಅನ್ನದ ಕ್ಯಾಮೆರಾ

ಕಡೆಗೂ ಮೊನ್ನೆ ನಿಕಾನ್ ಮಿರರ್‌ಲೆಸ್ ತಗೊಂಡೆ ಮಾರಾಯ್ರೆ. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಫುಲ್‌ಫ್ರೇಮ್ ಮಿರರ್‌ಲೆಸ್ ತಂದಾಗಲೇ ನನ್ನ ಡಿ90ಯ ಕಾಲ ಮುಗೀತು ಅನ್ನಿಸಿತ್ತು. ಆದ್ರೂ ಇಷ್ಟು ವರ್ಷ ತಳ್ಳಿದೆ.

ಮನಸ್ಸು ಮಾಡಿದ್ದು ಅಪ್ಪನಿಂದಾಗಿ. ಡಿಎಸ್‌ಎಲ್‌ಆರ್ ಕ್ಲಿಕ್ಕಿಸಿದಾಗಲೆಲ್ಲ ಒಳಗಿನ ಕನ್ನಡಿ ಎದ್ದು ಬೀಳುತ್ತಲ್ಲ, ಆ 'ಟಕ್' ಕೇಳಿದ್ದೇ ತಡ, ಅಪ್ಪ ಎದ್ದು ಹೋಗಿ ಅಂಗಿ ಹಾಕ್ಕೊಂಡು ಬಂದು ಪಾಸ್‌ಪೋರ್ಟ್ ಫೋಟೋದವರ ಹಾಗೆ ಕೂತುಬಿಡ್ತಾರೆ! ಇಷ್ಟು ವರ್ಷದ ಫೋಟೋಗಳಲ್ಲೂ ಅದೇ ಮುಖ. ಹೊಸದರ ಎಲೆಕ್ಟ್ರಾನಿಕ್ ಶಟರ್‌ಗೆ ಸದ್ದೇ ಇಲ್ಲ. ಜಗಲಿಯಲ್ಲಿ ಅಡಿಕೆ ಸುಲಿಯುತ್ತ ತಮ್ಮಷ್ಟಕ್ಕೇ ನಗ್ತಿದ್ದ ಅಪ್ಪ ಮೊದಲ ಸಲ ಸಿಕ್ಕರು. (ಕದ್ದು ತೆಗೆದದ್ದು ಸರಿಯಾ? ತೋರಿಸಿದಾಗ "ಯಾವಾಗ ತೆಗ್ದ್ಯೋ?" ಅಂದ್ರು, ಅಷ್ಟೇ.)

ಆದ್ರೆ ನನ್ನ ಪ್ರೀತಿಯ 50 ಎಂಎಂ 'ಡಿ' ಲೆನ್ಸಿಗೆ ನಿಕಾನಿನದೇ ಅಡಾಪ್ಟರ್ ಹಾಕಿದ್ರೂ ಆಟೋಫೋಕಸ್ ಇಲ್ಲ. ಅದನ್ನ ತಿರುಗಿಸುವ ಮೋಟಾರು ಡಿ90ಯ ಮೈಯೊಳಗಿತ್ತು. ಇನ್ನು ಹೊಸದರ ಕಿಂಡಿಯಲ್ಲಿ ಇಣುಕಿದ್ರೆ ಕಾಣೋದು ಪುಟ್ಟ ಟೀವಿ. ಬ್ಯಾಟರಿ ಮುಗಿದ್ರೆ ಕತ್ತಲೆ. ಹಳೇದರಲ್ಲಿ ಬ್ಯಾಟರಿ ತೆಗೆದಿಟ್ರೂ, ಮಬ್ಬಾಗಿಯಾದ್ರೂ, ಅಪ್ಪ ಕಾಣ್ತಿದ್ರು.

ಎಕ್ಸ್‌ಚೇಂಜಿಗೆ ಕೊಡ್ತೀರಾ ಅಂತ ಅಂಗಡಿಯವರು ಕೇಳಿದ್ರು. ಕೊಡ್ಲಿಲ್ಲ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಅದೇ ಬೇಕು. 'ಟಕ್' ಕೇಳದಿದ್ರೆ ಅಪ್ಪ ಅಂಗಿ ಹಾಕೋದಿಲ್ಲ!